ಮನೆಬಸ್ಸಿನ ಸೆಕೆ

ಯಶವಂತಪುರದ ನಮ್ಮ ವಠಾರದ ಕೊನೆಯ ಮನೆಯಲ್ಲಿ ವೀರಬಸಪ್ಪ, ಸಂಗವ್ವ ಎಂಬ ದಂಪತಿ ಇದ್ದರು. ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು. ವೀರಬಸಪ್ಪನವರಿಗೆ ತುಮಕೂರು ರಸ್ತೆಯ ಒಂದು ಶೆಡ್ಡಿನಲ್ಲಿ ಬಸ್ಸು, ಲಾರಿಗಳಿಗೆ ಬಾಡಿ ಕಟ್ಟುವ ಕೆಲಸ. ಮಾತು ಕಡಿಮೆ. ತಗಡನ್ನು ಬೆರಳಿನಿಂದ ತಟ್ಟಿ, ಎಲ್ಲಿ ರಿವೆಟ್ ಸಡಿಲವಾಗಿದೆ ಎಂದು ಹೇಳಬಲ್ಲವರು. ಅಂಥವರು ಒಂದು ಬಸ್ಸಿನ ಮುಂದೆ ಎರಡು ತಿಂಗಳು ತಲೆ ಕೆರೆದುಕೊಂಡು ನಿಂತ ಕತೆಯನ್ನು ಆಮೇಲೆ ತಾವೇ ನಮಗೆಲ್ಲ ಹೇಳಿದರು. ಅದು ಎಂಬತ್ತೊಂದನೇ ಇಸವಿಯ ಬೇಸಿಗೆ.

ಹುಣಸಮಾರನಹಳ್ಳಿಯ ರಾಮಕೃಷ್ಣಪ್ಪನವರದು ದ್ರಾಕ್ಷಿ ತೋಟ. ಹಿಂದಿನ ವರ್ಷ ಯಾರೋ ಪರದೇಶದವರು ದೊಡ್ಡ ವ್ಯಾನಿನಲ್ಲಿ ಬಂದು, ನೀರು ಕೇಳಿ, ಅವರ ತೋಟದ ಪಕ್ಕದಲ್ಲೇ ಎರಡು ದಿನ ಉಳಿದಿದ್ದರಂತೆ. ವ್ಯಾನಿನೊಳಗೇ ಮಂಚ, ಒಲೆ, ಬಟ್ಟೆ ಇಡುವ ಗೂಡು. ಅದನ್ನು ನೋಡಿದಂದಿನಿಂದ ರಾಮಕೃಷ್ಣಪ್ಪನವರಿಗೆ ಅದೇ ಧ್ಯಾನ. ಹಳೆಯ ಬಸ್ಸೊಂದನ್ನು ಕೊಂಡು ಶೆಡ್ಡಿಗೆ ತಂದು ನಿಲ್ಲಿಸಿದರು. ಮದುವೆಯಾಗಿ ಮೂವತ್ತು ವರ್ಷವಾಯಿತು, ತೋಟ ಬಿಟ್ಟು ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿಲ್ಲ, ಈ ಸಲ ಗೋಕರ್ಣಕ್ಕೆ ಹೋಗಿ ಸಮುದ್ರ ತೋರಿಸಲೇಬೇಕು ಎಂದರು.

ಸೀಟುಗಳನ್ನು ಕಿತ್ತು ಎರಡು ಮಂಚ ಹಾಕಿದ್ದಾಯಿತು. ಒಲೆಗೆ ಕಟ್ಟೆ, ನೀರಿಗೆ ಡ್ರಮ್ಮು ಬಂದವು. ಮಾರ್ಚಿನಲ್ಲಿ ಬಸ್ಸು ತೋಟಕ್ಕೆ ಹೋಯಿತು. ಮೊದಲ ಸಲ ದೊಡ್ಡಬಳ್ಳಾಪುರದವರೆಗೆ ಹೋಗಿ ಬರೋಣವೆಂದು ಹೊರಟರೆ, ರಾಜಾನುಕುಂಟೆ ದಾಟುವಷ್ಟರಲ್ಲಿ ಅವರ ಹೆಂಡತಿ ಮುನಿಗಂಗಮ್ಮ ಬಸ್ಸು ನಿಲ್ಲಿಸಿ ಕೆಳಗಿಳಿದು ಮರದ ನೆರಳಿನಲ್ಲಿ ಕುಳಿತರಂತೆ. ಒಳಗೆ ಬೆಂದುಹೋಗುವ ಸೆಕೆ, ನಾನು ಹತ್ತುವುದಿಲ್ಲ ಎಂದರಂತೆ. ಮರುದಿನವೇ ವೀರಬಸಪ್ಪನವರಿಗೆ ಕರೆ ಬಂತು.

ಮಧ್ಯಾಹ್ನ ಬಸ್ಸಿನೊಳಗೆ ನಿಂತು ಅವರು ತಲೆಯ ಮೇಲಿನ ಮಾಡಿಗೆ ಕೈ ಇಟ್ಟರು. ಕಾದ ಹಂಚು. ಬಿಸಿಲಿನ ಊರಿನಲ್ಲಿ ಹುಟ್ಟಿದವರಿಗೆ ಇದೇನು ಹೊಸದಲ್ಲ. ಮಾಡಿನ ಮೇಲೆ ನಾಲ್ಕು ಬೆರಳು ಸಂದು ಬಿಟ್ಟು ಇನ್ನೊಂದು ತಗಡು ಹೊದಿಸಿ, ಬಿಳಿ ಬಣ್ಣ ಹೊಡೆದರು. ಬಿಸಿಲು ಮೇಲಿನ ತಗಡನ್ನು ಕಾಯಿಸಿದರೂ ನಡುವೆ ಗಾಳಿ ಆಡುವುದರಿಂದ ಕೆಳಗಿನದು ತಣ್ಣಗಿರುತ್ತದೆ ಎಂದು ಯಜಮಾನರಿಗೆ ವಿವರಿಸಿದರು. ಈಗ ಮಾಡಿಗೆ ಕೈ ಇಟ್ಟರೆ ಬೆಚ್ಚಗಿತ್ತು ಅಷ್ಟೇ. ಮುನಿಗಂಗಮ್ಮ ಹತ್ತಿ ಕುಳಿತರು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಇಳಿದುಬಿಟ್ಟರು.

ಪಡುವಣ ಬಿಸಿಲು ಕಿಟಕಿಯ ಗಾಜಿನಿಂದ ಬರುತ್ತಿರಬೇಕು ಎಂದುಕೊಂಡರು ವೀರಬಸಪ್ಪ. ಒಳಗಿನ ಪರದೆ ಕಿತ್ತು, ಬಿಸಿಲು ಗಾಜನ್ನು ಮುಟ್ಟದಂತೆ ಹೊರಗಡೆಯಿಂದ ಬಿದಿರಿನ ತಟ್ಟಿ ಕಟ್ಟಿದರು. ಎರಡು ಕಿಟಕಿಗೆ ಲಾವಂಚದ ತಟ್ಟಿ ಬಿಗಿದು ನೀರು ಚಿಮುಕಿಸಿದರು. ಒಳಗೆಲ್ಲ ಘಮಘಮ. ಮಾಡಿನಲ್ಲಿ ಒಂದು ಕಿಂಡಿ ಕೊರೆದು ಮುಚ್ಚಳ ಇಟ್ಟರು, ಬಿಸಿ ಗಾಳಿ ಮೇಲೆ ಹೋಗಲೆಂದು. ಎಂಜಿನ್ನಿನ ಕಾವು ತಡೆಯಲು ಅದರ ಡಬ್ಬಕ್ಕೆ ಕಲ್ನಾರಿನ ಹಾಳೆ ಸುತ್ತಿದರು. ಒಲೆಯನ್ನು ಹಿಂದಿನ ಬಾಗಿಲ ಹೊರಗೆ ಮಡಚುವ ಹಲಗೆಗೆ ಸಾಗಿಸಿದರು. ಒಂದೊಂದು ಕೆಲಸಕ್ಕೂ ಒಂದೊಂದು ಭಾನುವಾರ. ರಾಮಕೃಷ್ಣಪ್ಪನವರು ಊಟ ಮಾಡಿ ಬಸ್ಸಿನೊಳಗೇ ಗೊರಕೆ ಹೊಡೆಯತೊಡಗಿದರು. ತೋಟದ ಆಳುಗಳೂ ತಂಪೆಂದು ಬಂದು ಕೂರುತ್ತಿದ್ದರು. ಮುನಿಗಂಗಮ್ಮನಿಗೆ ಮಾತ್ರ ಸೆಕೆ.

ವಿಚಿತ್ರವೆಂದರೆ, ಅದೇ ಮುನಿಗಂಗಮ್ಮ ಒಮ್ಮೊಮ್ಮೆ ಕಂಬಳಿ ಹೊದ್ದು ಕೂರುವರು. ಐದು ನಿಮಿಷಕ್ಕೆ ಕಂಬಳಿ ಎಸೆದು, ಮುಖ ಕೆಂಪಗಾಗಿ, ಹಣೆಯಲ್ಲಿ ಬೆವರು. ಒಂದು ದಿನ ಮೋಡ ಕವಿದು ಸೂರ್ಯನೇ ಕಾಣಲಿಲ್ಲ. ಬೆಳಿಗ್ಗೆ ಎಂಟು ಗಂಟೆ. ಆಗಲೂ ಸೆಕೆ ಎಂದು ಇಳಿದು ಹೋಗಿ ಪಂಪಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕುಳಿತರು. ವೀರಬಸಪ್ಪನವರಿಗೆ ಬುಡವೇ ತಿಳಿಯಲಿಲ್ಲ. ಗೋಡೆಗೆ ತೂಗುಹಾಕುವ ಉಷ್ಣಮಾಪಕವೊಂದನ್ನು ತಂದು ಬಸ್ಸಿನಲ್ಲಿ ಒಂದು ದಿನ, ಹೊರಗೆ ಹೊಂಗೆ ಮರದಡಿ ಒಂದು ದಿನ ನೇತುಹಾಕಿದರು. ಹೆಚ್ಚು ಕಡಿಮೆ ಒಂದೇ. ತಾವೇ ಹನ್ನೆರಡರಿಂದ ಮೂರರವರೆಗೆ ಒಳಗೆ ಕುಳಿತು ನೋಡಿದರು, ಒಂದು ಭಾನುವಾರ ಬಾಗಿಲು ಮುಚ್ಚಿ, ಇನ್ನೊಂದು ಭಾನುವಾರ ತೆರೆದು. ಏನೂ ಗೊತ್ತಾಗಲಿಲ್ಲ. ಬಿಸಿಲೂರಿನ ನನ್ನ ಚರ್ಮಕ್ಕೇ ಸೆಕೆ ತಿಳಿಯುವುದಿಲ್ಲವೇನೋ ಎಂಬ ಅನುಮಾನವೂ ಬಂತು.

ರಾಮಕೃಷ್ಣಪ್ಪನವರ ಗೊಂದಲ ಬೇರೆ ತರಹದ್ದು. ಒಂದು ದಿನ ವೀರಬಸಪ್ಪನವರನ್ನು ಬಳ್ಳಿಯ ಸಾಲಿನ ಕೊನೆಗೆ ಕರೆದೊಯ್ದು ತಗ್ಗಿದ ದನಿಯಲ್ಲಿ ಕೇಳಿದರು:

“ಮೇಸ್ತ್ರಿ, ಒಳಗೆ ನಿಜವಾಗ್ಲೂ ಸೆಕೆ ಐತಾ? ಇಲ್ಲಾ ನನ್ನ ಜೊತೆ ಬರಾಕೆ ಅವಳಿಗೆ ಇಷ್ಟ ಇಲ್ವಾ?”

ಸೆಕೆ ಇಲ್ಲ ಎಂದರೆ ಗಂಡ ಹೆಂಡಿರ ನಡುವೆ ಬಿರುಕು, ಇದೆ ಎಂದರೆ ಸುಳ್ಳು. ಇನ್ನೊಂದು ವಾರ ಕೊಡಿ ಎಂದಷ್ಟೇ ಹೇಳಿ ವೀರಬಸಪ್ಪ ಬಂದರು.

ಮುಂದಿನ ಭಾನುವಾರ ಸಂಗವ್ವನೂ ಜೊತೆಗೆ ಹೊರಟರು. ಎರಡು ತಿಂಗಳಿಂದ ಗಂಡನ ಬಾಯಲ್ಲಿ ಬರೀ ಆ ಬಸ್ಸು. ಅದೇನಿದೆಯೋ ಕಣ್ಣಾರೆ ನೋಡಬೇಕೆಂದು ಅವರಿಗೆ ಆಸೆ. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ತೋಟಕ್ಕೆ ಬಂದರು. ವೀರಬಸಪ್ಪ ಕಿಂಡಿಯ ಮುಚ್ಚಳ ಸರಿಮಾಡಲು ಮೇಲೆ ಹತ್ತಿದರು. ಹೆಂಗಸರಿಬ್ಬರೂ ಒಳಗೆ ಮಂಚದ ಮೇಲೆ ಕುಳಿತರು. ಕಿಂಡಿಯಿಂದ ಅವರ ಮಾತು ಸ್ಪಷ್ಟವಾಗಿ ಮೇಲೆ ಬರುತ್ತಿತ್ತು. ಮೊದಮೊದಲು ರೊಟ್ಟಿಯ ಮಾತು, ಊರಿನ ಮಾತು. ಆಮೇಲೆ ಮುನಿಗಂಗಮ್ಮನ ಬಳೆ ಸದ್ದಾಯಿತು, ಬೀಸಣಿಗೆ ಆಡತೊಡಗಿತು.

“ಅಕ್ಕಾರ, ಮನ್ಯಾಗ ಕುಂತಾಗ ಈ ಸೆಕಿ ಬರಲ್ಲೇನ್ರಿ?” ಎಂದರು ಸಂಗವ್ವ.

ಬೀಸಣಿಗೆ ನಿಂತಿತು.

“ಬತ್ತದೆ ಕಣವ್ವ,” ಎಂದರು ಮುನಿಗಂಗಮ್ಮ. “ಮನೇಲೂ ಬತ್ತದೆ, ತೋಟದಾಗೂ ಬತ್ತದೆ. ಒಳಗಿಂದ ಉರ್ಕೊಂಡು ಬತ್ತದೆ. ಏನ್ ರೋಗಾನೋ ಅಂತ ಯಾರ್ಗೂ ಯೋಳಿರ್ಲಿಲ್ಲ. ಬಸ್ಸಲ್ಲಾದ್ರೆ ಸೆಕೆ ಅಂತ ಯೋಳ್ಬೋದಲ್ಲ, ಅದ್ಕೇ ಯೋಳ್ದೆ.”

“ರೋಗ ಅಲ್ರಿ. ತಿಂಗಳಾ ತಿಂಗಳಾ ಆಗೂದು ನಿಲ್ಲೂ ಮುಂದ ಹಿಂಗಾಗ್ತದ. ನನಗೂ ಎರಡ ವರ್ಷ ಇತ್ತು. ತಾನ ಹೋಗ್ತದ.”

ಸ್ವಲ್ಪ ಹೊತ್ತಿನ ಮೇಲೆ ಮುನಿಗಂಗಮ್ಮ ಅಳುತ್ತಿರುವುದು ಕೇಳಿಸಿತು, ಆಮೇಲೆ ಇಬ್ಬರೂ ನಗುತ್ತಿರುವುದು. ವೀರಬಸಪ್ಪ ಸುತ್ತಿಗೆ ಹಿಡಿದು ಹಾಗೆಯೇ ಕುಳಿತಿದ್ದರು. ಇಷ್ಟು ದಿನ ಹುಡುಕಿದ್ದು ಸಿಕ್ಕಿತು, ಆದರೆ ತಲೆ ಇನ್ನಷ್ಟು ಕೆಟ್ಟಿತು. ಎರಡು ವರ್ಷವೆಂದರೆ ಯಾವ ಎರಡು ವರ್ಷ? ಒಂದೇ ಕೋಣೆಯ ಮನೆಯಲ್ಲಿ, ಕೈಗೆಟುಕುವ ದೂರದಲ್ಲಿ ಮಲಗುವ ಹೆಂಡತಿ. ಈಗ ಕೆಳಗಿಳಿದರೆ ಕೇಳಿಸಿಕೊಂಡದ್ದು ಗೊತ್ತಾಗುತ್ತದೆ. ಇಳಿಯದಿದ್ದರೆ ಬಿಸಿಲು. ಕಾದ ತಗಡಿನ ಮೇಲೆ ಅರ್ಧ ಗಂಟೆ ಸುಮ್ಮನೆ ಅಲ್ಲಿ ಇಲ್ಲಿ ತಟ್ಟುತ್ತ ಕಳೆದರು.

ವಾಪಸ್ಸು ಬರುವಾಗ ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುತ್ತ, ನನಗೇಕೆ ಹೇಳಲಿಲ್ಲ ಎಂದು ಹೆಂಡತಿಯನ್ನು ಕೇಳಿದರು.

“ಹೇಳಿದ್ನಲ್ರಿ,” ಎಂದರು ಸಂಗವ್ವ. “ಸೆಕಿ ಆಗ್ತದ ಅಂದೆ. ನೀವು ಮನಿ ಮ್ಯಾಲಿನ ಶೀಟಿಗೆ ಸುಣ್ಣಾ ಬಳದ್ರಿ.”

ಯಜಮಾನರಿಗೆ ಈ ಸಂಗತಿ ಹೇಗೆ ತಿಳಿಸುವುದೆಂಬ ಚಿಂತೆ ವೀರಬಸಪ್ಪನವರನ್ನು ವಾರವಿಡೀ ಕಾಡಿತು. ಆದರೆ ಮುನಿಗಂಗಮ್ಮನೇ ಗಂಡನಿಗೆ ಹೇಳಿಬಿಟ್ಟಿದ್ದರು. ರಾಮಕೃಷ್ಣಪ್ಪ ಶೆಡ್ಡಿಗೆ ಬಂದು, ಎದುರು ನಿಂತು, ಎಲ್ಲೋ ನೋಡುತ್ತ, ಬಾಗಿಲ ಪಕ್ಕಕ್ಕೆ ಒಂದು ಮಂಚ ಸರಿಸಿಕೊಡು, ಅಲ್ಲೊಂದು ಕಿಟಕಿ ಇರಲಿ, ಅವಳೇ ಮಲಗಿದಲ್ಲಿಂದ ತೆರೆಯುವ ಹಾಗೆ ಇರಲಿ ಎಂದರು. ಎರಡು ದಿನದಲ್ಲಿ ಕೆಲಸ ಮುಗಿಯಿತು.

ಮೇ ಕೊನೆಯ ವಾರ ಮನೆಬಸ್ಸು ಹೊರಟಿತು. ಇಪ್ಪತ್ತು ದಿನ ಕಳೆದು ಮಳೆ ಹಿಡಿದ ಮೇಲೆ ವಾಪಸ್ಸಾಯಿತು. ಸಮುದ್ರದ ದಂಡೆಯಲ್ಲೂ ಎರಡು ಸಲ ಆ ಉರಿ ಬಂತಂತೆ. ಮುನಿಗಂಗಮ್ಮ ಸೀರೆ ಉಟ್ಟುಕೊಂಡೇ ಸೊಂಟದವರೆಗೆ ನೀರಿಗಿಳಿದರಂತೆ, ಗಂಡ ಹೆದರಿ ಹಿಂದೆಯೇ ಓಡಿದರಂತೆ. ಇದನ್ನು ಸಂಗವ್ವನ ಮುಂದೆ ಹೇಳಿ ಗಂಡ ಹೆಂಡತಿ ಇಬ್ಬರೂ ಬಹಳ ಹೊತ್ತು ನಕ್ಕರು.

ವೀರಬಸಪ್ಪನವರಿಗೆ ಬೇಕಾಗಿದ್ದು ಬೇರೆ. ಮಾಡಿನ ಎರಡನೇ ತಗಡು ಕೆಲಸ ಮಾಡಿತೇ, ಲಾವಂಚದ ತಟ್ಟಿ ಕರಾವಳಿಯ ಗಾಳಿಯಲ್ಲೂ ತಂಪು ಕೊಟ್ಟಿತೇ ಎಂದು ರಾಮಕೃಷ್ಣಪ್ಪನವರನ್ನು ಕೇಳಿದರು. ಅವರು ಯೋಚಿಸಿ, ನಾವು ಹೆಚ್ಚಿಗೆ ಮರಳಿನ ಮೇಲೇ ಮಲಗಿದ್ದೆವಪ್ಪ, ಬಸ್ಸಿನೊಳಗೆ ಹೇಗಿತ್ತೋ ಸರಿಯಾಗಿ ಗೊತ್ತಿಲ್ಲ ಎಂದರು.