ಘಮ ಎಲ್ಲೀವರ್ಗೂ ಬಂತು?

ಹೊಸಕೆರೆಹಳ್ಳಿಯ ನಮ್ಮ ಮನೆ ಓನರ್ ಲತಾಮಣಿ ಆಂಟಿ ಬ್ಲೂಬೆರಿ ಮಫಿನ್ ಮಾಡುವ ದಿನ ಇಡೀ ಬೀದಿಗೆ ಪರೀಕ್ಷೆ. ಬ್ಲೂಬೆರಿಯನ್ನು ಅಕ್ಕಿಯಂತೆ ಮೊರದಲ್ಲಿ ಹರಡಿಕೊಂಡು ಆರಿಸುತ್ತಾರೆ. ಹಿಟ್ಟಿನ ಹದವನ್ನು ಇಡ್ಲಿ ಹಿಟ್ಟಿನಂತೆ ಸೌಟೆತ್ತಿ ಸುರಿದು ನೋಡುತ್ತಾರೆ. ಓವನ್ನಿಗೂ ಅರಿಶಿನ ಕುಂಕುಮ ತಪ್ಪುವುದಿಲ್ಲ. ಮಫಿನ್ ಬೇಯುತ್ತಿದ್ದಂತೆ ಗೇಟಿಗೆ ಬಂದು ನಿಂತರೆಂದರೆ ಯಾರನ್ನೂ ಬಿಡುವುದಿಲ್ಲ. "ಏನಪ್ಪಾ, ಘಮ ಮೇಲ್ಗಡೆವರ್ಗೂ ಬಂತಾ?" ಎಂದು ಮಹಡಿಯಲ್ಲಿ ಬಾಡಿಗೆಗಿರುವ ನನ್ನನ್ನು ಕೇಳಿ, ಮೂಲೆಯಲ್ಲಿ ಇಸ್ತ್ರಿ ಮಾಡುವ ಬೈಲಪ್ಪನನ್ನೂ, ದಾರಿಹೋಕ ಕೊರಿಯರ್‌ನವನನ್ನೂ ಕೇಳುತ್ತಾರೆ. ಬಂತು ಎಂದವರಿಗೆ ಎರಡು, ಗೊತ್ತಾಗಲಿಲ್ಲ ಎಂದವರಿಗೆ ಒಂದೇ. ಎಲ್ಲ ಜಂಬ ಎಂದುಕೊಂಡಿದ್ದೆ. ಕೋವಿಡ್ ಜ್ವರದಲ್ಲಿ ಹೋದ ವಾಸನೆ ಆಂಟಿಯ ಮೂಗಿಗೆ ಮರಳಿಯೇ ಇಲ್ಲ, ತಾವು ಮಾಡಿದ್ದರ ಘಮವನ್ನು ಬೇರೆಯವರ ಬಾಯಿಂದಲೇ ತಿಳಿಯಬೇಕು ಎಂದು ಅವರ ಮಗಳು ಪದ್ಮಶ್ರೀ ಹೇಳಿದ ಮೇಲೆ, ನೆಗಡಿಯಾದ ದಿನವೂ ನಾನು "ಬಂತು ಆಂಟಿ" ಎನ್ನುತ್ತಿದ್ದೆ. ಕಳೆದ ಭಾನುವಾರ ಮಾತ್ರ ಆಂಟಿ ಯಾರನ್ನೂ ಏನೂ ಕೇಳಲಿಲ್ಲ. ಹಾಲ್‌ನಲ್ಲಿ ಕೂತು ಫೋನಿನ ಮಾತಿಗೆ ಬಿದ್ದು ಓವನ್ ಮರೆತಿದ್ದವರು, ಕರ್ರಗಾದ ಮಫಿನ್‌ಗಳ ತಟ್ಟೆಯನ್ನು ಆರತಿಯಂತೆ ಹಿಡಿದು ಏದುಸಿರು ಬಿಡುತ್ತಾ ಮೆಟ್ಟಿಲೇರಿ ಬಂದರು. "ಸೀದ್ಹೋಯ್ತು ಕಣಪ್ಪಾ," ಎಂದರು, ಮುಖದ ತುಂಬ ಹಬ್ಬ. "ಸೀದಿದ್ ವಾಸನೆ ಹಾಲ್‌ವರ್ಗೂ ಬಂತು. ಯಾರೂ ಹೇಳ್ಲಿಲ್ಲ, ನಂಗೇ ಬಂತು." ಅವತ್ತು ಬೀದಿಯಲ್ಲಿ ಎಲ್ಲರಿಗೂ ಎರಡೆರಡು.