ಇನ್ನೂರು ದಿನದ ವರ

ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು, ಒಟಿಪಿಯನ್ನು ಹೆತ್ತ ಮಕ್ಕಳಿಗೂ ಹೇಳಬೇಡಿ ಎಂದು ಬಂದವರಿಗೆಲ್ಲ ಗಂಟಲು ಹರಿದುಕೊಂಡು ಹೇಳಿದ ಜಲಜಾ, ನಿವೃತ್ತಿಯಾದ ಐದೇ ತಿಂಗಳಿಗೆ ತನ್ನ ಒಟಿಪಿಯನ್ನು ತಮ್ಮನಿಗೆ ಫೋನಿನಲ್ಲಿ ಒದರಿಬಿಟ್ಟಳು. ಒಂದು ಕೈಯಲ್ಲಿ ಒಗ್ಗರಣೆ ಸೌಟು, ಇನ್ನೊಂದರಲ್ಲಿ ಫೋನು. ಅಕ್ಕ, ಈಗ ಆರು ಅಂಕಿ ಬರ್ತದೆ, ಹೇಳು ಎಂದ ಅವನು. ಶೇರು ಇಟ್ಟ ಡಿಮ್ಯಾಟ್ ಖಾತೆಗೆ ಹೊಸ ವಿಳಾಸ ಹಾಕಿಸಲು ಹೋದ ವಾರವೇ ಅವನಿಗೆ ಹೇಳಿದ್ದಳು. ಅದಕ್ಕೇ ಇರಬೇಕು ಅಂದುಕೊಂಡು ಆರೂ ಅಂಕಿ ಹೇಳಿ ಫೋನಿಟ್ಟು ಸಾರಿಗೆ ಒಗ್ಗರಣೆ ಸುರಿದಳು. ಬೇರೆ ಯಾರಾದರೂ ಹೀಗೆ ಮಾಡಿಕೊಂಡು ಬಂದಿದ್ದರೆ ಕೌಂಟರಿನಲ್ಲೇ ನಿಲ್ಲಿಸಿ ಅವರ ಜಲ್ಮ ಜಾಲಾಡುತ್ತಿದ್ದಳು.

ಮರುದಿನ, ಬುಧವಾರ ಬೆಳಿಗ್ಗೆ, ಮೆಸೇಜು ಬಂತು. ಅವಳ ಖಾತೆಯಿಂದ ಆರುನೂರ ನಲವತ್ತು ಶೇರು ಹೊರಗೆ ಹೋಗಿತ್ತು. ಒಂದೂ ಉಳಿದಿರಲಿಲ್ಲ. ಅವೆಲ್ಲ ಅವಳು ಕೆಲಸ ಮಾಡಿದ ಬ್ಯಾಂಕಿನದೇ ಶೇರು. ಎರ್ನಾಕುಳಂ ಜಿಲ್ಲೆ ದಾಟಿದರೆ ಹೆಚ್ಚಿನವರಿಗೆ ಹೆಸರೂ ಗೊತ್ತಿಲ್ಲದ ಸಣ್ಣ ಖಾಸಗಿ ಬ್ಯಾಂಕು ಅದು. ಸಿಬ್ಬಂದಿಗೆ ಕೊಡುವಾಗೆಲ್ಲ ನಾಲ್ಕು ನಾಲ್ಕು ಎಂದು ಕೂಡಿಸಿ ಇಟ್ಟದ್ದು. ಜಲಜಾ ಪಾಲಾರಿವಟ್ಟಂನ ಫ್ಲ್ಯಾಟಿನ ಬಾಲ್ಕನಿಗೆ ಹೋಗಿ ತಮ್ಮನಿಗೆ ಫೋನು ಮಾಡಿದಳು.

ತಮ್ಮ ಹಯವದನ ತಿರುವನಂತಪುರದ ಶ್ರೀಕಾರ್ಯದಲ್ಲಿದ್ದಾನೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದವನು ಸ್ವಯಂ ನಿವೃತ್ತಿ ತೆಗೆದುಕೊಂಡು ಮೂರು ವರ್ಷದಿಂದ ಶೇರು ಕೊಳ್ಳುತ್ತ ಮಾರುತ್ತ ಕಂಪ್ಯೂಟರಿನ ಎದುರು ಅಂಟಿಕೊಂಡಿದ್ದಾನೆ. ಅಕ್ಕನ ಡಿಮ್ಯಾಟ್ ಖಾತೆ ನೋಡಿಕೊಳ್ಳುವವನೂ ಅವನೇ. ಅಕ್ಕ ಬೈದು ಮುಗಿಸಿದ ಮೇಲೆ ಡಾಕ್ಟರು ಹೇಳುವ ಹಾಗೆ ಹೇಳಿದ.

"ನಿನ್ನ ಬ್ಯಾಂಕು ವರದ ಕೆಳಗೆ ಹೋಯ್ತು ಅಕ್ಕ. ಎರಡು ವಾರ ಕಾದೆ. ಮೇಲೆ ಬರ್ಲಿಲ್ಲ."

ವರ ಎಂದರೆ ಮಲಯಾಳದಲ್ಲಿ ಗೆರೆ. ಕುಂಬಳೆಯಲ್ಲಿ ಹುಟ್ಟಿದ ಅಕ್ಕ ತಮ್ಮ ಇಬ್ಬರಿಗೂ ಎರಡೂ ಭಾಷೆ ಬರುತ್ತದೆ. ಆದರೆ ಹಯವದನ ಶೇರಿನ ವಿದ್ಯೆ ಕಲಿತದ್ದು ಅಲ್ಲಿನ ಗೆಳೆಯರಿಂದ, ಹಾಗಾಗಿ ಆ ಮಾತು ಮಲಯಾಳದಲ್ಲೇ ಉಳಿದಿದೆ. ಶೇರಿನ ಕಳೆದ ಇನ್ನೂರು ದಿನದ ಬೆಲೆಯ ಸರಾಸರಿ ತೆಗೆದು, ದಿನಾ ಹಾಗೇ ತೆಗೆಯುತ್ತ ಹೋಗಿ, ಚುಕ್ಕಿ ಸೇರಿಸಿದರೆ ಒಂದು ಗೆರೆ ಆಗುತ್ತದಂತೆ. ಇವತ್ತಿನ ಬೆಲೆ ಅದರ ಮೇಲಿದ್ದರೆ ಬ್ಯಾಂಕು ಗಟ್ಟಿ, ಕೆಳಗಿದ್ದರೆ ಮಾರಿ ಕೈತೊಳೆಯಬೇಕು.

"ಯಾವ ದೇವರು ಪ್ರತ್ಯಕ್ಷ ಆಗಿ ಕೊಟ್ಟ ವರ ಮಾರಾಯ ಇದು?" ಎಂದು ಜಲಜಾ ಫೋನು ಕುಕ್ಕಿದಳು.

ದುಡ್ಡು ಎಲ್ಲಿಗೂ ಹೋಗಿರಲಿಲ್ಲ, ಅವಳ ಖಾತೆಗೇ ಬರುವುದಿತ್ತು. ಅವಳ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಮುಂದಿನ ಶುಕ್ರವಾರ ಬ್ಯಾಂಕಿನ ವಾರ್ಷಿಕ ಮಹಾಸಭೆ. ಈ ಶುಕ್ರವಾರ ಯಾರ ಹೆಸರಿನಲ್ಲಿ ಶೇರು ಇರುತ್ತದೋ ಅವರಿಗೆ ಮಾತ್ರ ಒಳಗೆ ಪ್ರವೇಶ, ಅವರಿಗೆ ಮಾತ್ರ ಮಾತಾಡುವ ಹಕ್ಕು. ಕೆಲಸದಲ್ಲಿದ್ದಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ಜಲಜಾ ಈ ಸಲ ಶೇರುದಾರಳಾಗಿ ಎದ್ದು ನಿಂತು ಒಂದು ಪ್ರಶ್ನೆ ಕೇಳುವವಳಿದ್ದಳು.

ಪ್ರಶ್ನೆ ಪ್ರೇಮಳದು. ಕಳಮಶ್ಶೇರಿ ಶಾಖೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕಸ ಗುಡಿಸುವ ಹೆಂಗಸು. ವರ್ಷಕ್ಕೆ ಇನ್ನೂರ ನಲವತ್ತು ದಿನ ಕೆಲಸ ಮಾಡಿದಳೆಂದು ದಾಖಲೆಯಲ್ಲಿ ಬಂದರೆ ಅವಳನ್ನು ಸುಮ್ಮನೆ ಹೊರಗೆ ಹಾಕುವ ಹಾಗಿಲ್ಲ, ಕಾನೂನು ಅಡ್ಡ ಬರುತ್ತದೆ. ಅದಕ್ಕೇ ಬ್ಯಾಂಕು ಪ್ರತಿ ವರ್ಷ ಇನ್ನೂರು ದಿನ ಆದ ಕೂಡಲೇ ಇನ್ನು ನಿಮ್ಮ ಸೇವೆ ಬೇಡ ಎಂದು ಕಾಗದ ಕೊಡುತ್ತಿತ್ತು. ಉಳಿದ ದಿನಗಳಿಗೆ ರಿಜಿಸ್ಟರಿನಲ್ಲಿ ಅವಳ ತಂಗಿಯ ಹೆಸರು. ಪೊರಕೆ ಹಿಡಿಯುತ್ತಿದ್ದದ್ದು ಮಾತ್ರ ಪ್ರೇಮಳೇ. ಈಗ ಆ ಕೆಲಸವನ್ನು ಕಂಟ್ರಾಕ್ಟಿಗೆ ಕೊಡುತ್ತಾರೆ. ಬರುವ ತಿಂಗಳು ಒಂದನೇ ತಾರೀಕಿಗೆ ಪ್ರೇಮ ಮನೆಗೆ, ಅದೂ ಬರಿಗೈಯಲ್ಲಿ.

ಆ ಕಾಗದಗಳಲ್ಲಿ ಹನ್ನೊಂದಕ್ಕೆ ಸಹಿ ಹಾಕಿದವಳು ಆಗ ಆ ಶಾಖೆಯ ಅಧಿಕಾರಿಯಾಗಿದ್ದ ಜಲಜಾ. ಮೇಲಿನಿಂದ ಫೋನು ಬರುತ್ತಿತ್ತು, ಇವಳು ಟೈಪು ಮಾಡಿಸಿ ಸಹಿ ಹಾಕುತ್ತಿದ್ದಳು. ಪ್ರೇಮ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಾಯ ತರಲಾ ಚೇಚಿ ಎಂದು ಸ್ವಂತ ಅಕ್ಕನನ್ನು ಕೇಳುವ ಹಾಗೆ ಕೇಳುತ್ತಿದ್ದಳು. ಹನ್ನೊಂದು ವರ್ಷವೂ ಕೇಳಿದಳು, ಹನ್ನೊಂದು ವರ್ಷವೂ ಇವಳು ತಾ ಅಂದಳು. ಅದನ್ನು ನೆನೆದರೆ ಈಗಲೂ ಜಲಜಾಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಗುರುವಾರ ಬೆಳಗಿನ ರೈಲು ಹತ್ತಿ ಹನ್ನೊಂದು ಗಂಟೆಗೆ ಶ್ರೀಕಾರ್ಯದ ಮನೆಯ ಕಾಲಿಂಗ್ ಬೆಲ್ ಒತ್ತಿದಳು. ಬಾಗಿಲು ತೆಗೆದದ್ದು ತಮ್ಮನ ಮಗಳು ಮೇಧಾ. ಕನ್ನಡದಲ್ಲಿ ಕೇಳಿದರೆ ಅವಳು ಯಾವಾಗಲೂ ಮಲಯಾಳದಲ್ಲೇ ಉತ್ತರ ಕೊಡುವವಳು. ಅತ್ತೆಯ ಮುಖ ನೋಡಿ ಅದನ್ನೂ ಕೊಡದೆ ಒಳಗಿನ ಕೋಣೆಯತ್ತ ಬೆರಳು ತೋರಿಸಿದಳು.

ಹಯವದನನಿಗೆ ನಾಚಿಕೆ ಪಡುವುದಕ್ಕೆ ಏನೂ ಕಾಣಲಿಲ್ಲ. ಪರದೆ ಅವಳ ಕಡೆ ತಿರುಗಿಸಿ ತೋರಿಸಿದ. ಏರುತ್ತ ಇಳಿಯುತ್ತ ಓಡುವ ನೀಲಿ ಗೆರೆ ಬೆಲೆ. ಸಾವಕಾಶ ಹೋಗುವ ಕಿತ್ತಳೆ ಬಣ್ಣದ್ದು ಅವನ ವರ. ನೀಲಿ ಕಿತ್ತಳೆಯ ಕೆಳಗೆ ಬಿದ್ದು ಹದಿನಾರು ದಿನವಾಗಿತ್ತು. ಮಾರಿದ ಮೇಲೆ ಬೆಲೆ ಇನ್ನೂ ಇಳಿದಿದೆ, ನಿನಗೆ ಲಾಭವೇ ಆಯಿತು ನೋಡು ಎಂದ. ಮೊದಲೇ ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಆ ಬ್ಯಾಂಕಿನ ಮೇಲೆ ನಿನಗೆ ಮೋಹ, ಅದಕ್ಕೆ ಕೇಳಲಿಲ್ಲ ಎಂದೂ ಸೇರಿಸಿದ. ಅವನು ಹೇಳಿದ ಲೆಕ್ಕ ಸರಿಯೇ ಇತ್ತು. ಜಲಜಾಳ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ.

ಮೋಹವೇ, ಮಣ್ಣಾಂಗಟ್ಟಿ. ಆ ಬ್ಯಾಂಕಿನ ಯಾವ ಕಪಾಟಿನಲ್ಲಿ ಏನು ಕೊಳೆಯುತ್ತಿದೆ ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಅವಳು ಕೂತುಕೊಳ್ಳಲೂ ಇಲ್ಲ.

"ಇನ್ನೂರು ದಿನ ಅಂದ್ರೆ ನಿಂಗೆ ಈ ಗೆರೆ ಹಯ. ನಂಗೆ ನಾನು ಸಹಿ ಹಾಕಿದ ಕಾಗದ. ಹನ್ನೊಂದು ಉಂಟು. ಅದನ್ನು ಕೇಳ್ಲಿಕ್ಕೆ ನಂಗೆ ಇದ್ದದ್ದು ಒಂದೇ ಬಾಗಿಲು, ನೀನು ಅದನ್ನೂ ಮಾರಿಬಿಟ್ಟೆ."

ಆಮೇಲೆ ಪ್ರೇಮಳ ಕತೆಯನ್ನು ನಿಂತಲ್ಲೇ ಹೇಳಿದಳು. ಹಯವದನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಇದನ್ನೆಲ್ಲ ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದ. ಹೇಳುವುದಕ್ಕೆ ಅವಳಿಗೆ ನಾಚಿಕೆಯಾಗಿತ್ತು, ಅಷ್ಟೆ. ಆದರೆ ಆ ಹೊತ್ತಿನಲ್ಲಿ ಅದನ್ನು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ನೀನು ಕೇಳಿದ್ದು ಆರು ಅಂಕಿ ಮಾತ್ರ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

ಇವತ್ತು ಕೊಂಡರೆ ನಾಳೆ ಖಾತೆಗೆ ಬರುತ್ತದೆ, ನಾಳೆಯೇ ಕೊನೆಯ ದಿನ. ಇವತ್ತು ಮಧ್ಯಾಹ್ನ ಮೂರೂವರೆಗೆ ಶೇರು ಪೇಟೆ ಮುಚ್ಚುವುದರೊಳಗೆ ಆಗಬೇಕು. ಹಯವದನನ ಕೈ ಮೌಸಿನ ಮೇಲೆ ತಡೆಯಿತು. ಆರುನೂರ ನಲವತ್ತನ್ನೂ ವರದ ಕೆಳಗೆ ತಿರುಗಿ ಕೊಳ್ಳುವುದೆಂದರೆ ಅವನಿಗೆ ಜೀವ ಹೋದ ಹಾಗೆ.

"ಒಂದು ಸಾಕು," ಎಂದಳು ಜಲಜಾ. "ನಿನ್ನ ಗೆರೆ ಸರಿಯೇ ಇರಬಹುದು. ಉಳಿದ ದುಡ್ಡು ಅಲ್ಲೇ ಇರ್ಲಿ. ನಂಗೆ ಒಳಗೆ ಹೋಗ್ಲಿಕ್ಕೆ ಒಂದು ಶೇರು ಬೇಕು."

ಅವನು ಒಂದು ಶೇರಿಗೆ ಆರ್ಡರು ತುಂಬಿದ. ಅವಳ ಫೋನು ಗುಂಯ್‌ಗುಟ್ಟಿತು. ಅಭ್ಯಾಸ ಬಲದಿಂದ ಆರು ಅಂಕಿ ಹೇಳು ಅಕ್ಕ ಎಂದ. ಜಲಜಾ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, ಅವನಿಗೆ ಕಾಣದ ಹಾಗೆ ಕೈ ಅಡ್ಡ ಹಿಡಿದು, ಒಂದೊಂದೇ ಅಂಕಿ ತಾನೇ ಒತ್ತಿದಳು. ಊಟ ಮಾಡಿ ಹೋಗು ಎಂದರೂ ಕೇಳದೆ ಮಧ್ಯಾಹ್ನದ ರೈಲಿಗೆ ಹೊರಟಳು. ಹಯವದನ ಸ್ಕೂಟರಿನಲ್ಲಿ ಸ್ಟೇಷನ್ನಿನವರೆಗೆ ಬಿಟ್ಟ.

ಮುಂದಿನ ಶುಕ್ರವಾರ ಕೊಚ್ಚಿಯ ಸಭಾಂಗಣದಲ್ಲಿ ಜಲಜಾ ನಾಲ್ಕನೇ ಸಾಲಿನಲ್ಲಿ ಕೂತಿದ್ದಳು. ಪ್ರೇಮಳಿಗೆ ಶೇರಿಲ್ಲ, ಹಾಗಾಗಿ ಒಳಗೆ ಬಿಡಲಿಲ್ಲ. ಅವಳು ಗೇಟಿನ ಹತ್ತಿರ ವಾಚ್‌ಮನ್ನನ ಸ್ಟೂಲಿನಲ್ಲಿ ಕೂತಿದ್ದಳು. ಬ್ಯಾಂಕಿನ ಶೇರು ಅಷ್ಟರಲ್ಲಿ ಇನ್ನೂ ನಾಲ್ಕು ರೂಪಾಯಿ ಇಳಿದಿತ್ತು. ಬಂದವರೆಲ್ಲ ಅದನ್ನೇ ಕೇಳಿದರು, ಯಾವಾಗ ಏರುತ್ತದೆ, ಡಿವಿಡೆಂಡು ಎಷ್ಟು ಎಂದು. ಜಲಜಾಳ ಸರದಿ ಬಂದಾಗ ಅವಳು ಮಲಯಾಳದಲ್ಲಿ ಪ್ರಶ್ನೆ ಶುರು ಮಾಡಿದಳು. ಕಸ ಗುಡಿಸುವವಳ ವಿಷಯ ಎಂದು ಗೊತ್ತಾಗುತ್ತಲೇ ಅಧ್ಯಕ್ಷರು ಅರ್ಧದಲ್ಲೇ ತಡೆದು, ಮೇಡಂ, ನಿಮ್ಮ ಹತ್ತಿರ ಎಷ್ಟು ಶೇರು ಇದೆ ಎಂದು ಕೇಳಿದರು.

ಒಂದು, ಎಂದಳು. ಸಭೆ ನಕ್ಕಿತು.

ನಗು ನಿಲ್ಲುವವರೆಗೆ ಮೈಕು ಹಿಡಿದೇ ನಿಂತು, ಪ್ರತಿ ವರ್ಷ ಇನ್ನೂರು ದಿನಕ್ಕೆ ಪ್ರೇಮಳಿಗೆ ಕಾಗದ ಕೊಡಿಸಿದವರು ಯಾರು ಎಂದು ಪ್ರಶ್ನೆಯನ್ನು ಮೊದಲಿನಿಂದ ಕೇಳಿದಳು. ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಕೇಳಿ, ಮೈಕು ಹತ್ತಿರ ಎಳೆದುಕೊಂಡರು. ಮುಖ್ಯ ಕಚೇರಿ ಅಂಥ ಕಾಗದ ಕೊಡಲು ಯಾವತ್ತೂ ಹೇಳಿಲ್ಲ, ಶಾಖೆಯ ಯಾರೋ ಅಧಿಕಾರಿ ತಾವಾಗಿ ಮಾಡಿರಬೇಕು ಎಂದರು. ಸಹಿ ಹಾಕಿದವರು ಯಾರೆಂದು ತಿಳಿದರೆ ಕಠಿಣ ಕ್ರಮ ತೆಗೆದುಕೊಳ್ಳುತ್ತೇವೆ, ಇನ್ನು ಕೂತುಕೊಳ್ಳಿ ಎಂದರು.

"ನಾನು ಸಾರ್," ಎಂದಳು ಜಲಜಾ. "ಕ್ರಮ ನನ್ನಿಂದಲೇ ಶುರು ಮಾಡಿ. ನನಗೆ ಫೋನು ಮಾಡಿದವರ ಹೆಸರೂ ಹೇಳುತ್ತೇನೆ, ಬರೆದುಕೊಳ್ಳಿ. ಅವರಲ್ಲಿ ಇಬ್ಬರು ನಿಮ್ಮ ಸಾಲಿನಲ್ಲೇ ಕೂತಿದ್ದಾರೆ."

ಹತ್ತೊಂಬತ್ತು ವರ್ಷ ಪ್ರೇಮ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಕಾಗದಗಳಿಂದ ತನ್ನ ಸಹಿಯ ಹನ್ನೊಂದನ್ನು ಬೇರೆ ತೆಗೆದು, ಕೂತುಕೊಳ್ಳದೆ, ಜಲಜಾ ಮೊದಲನೆಯದನ್ನು ಗಟ್ಟಿಯಾಗಿ ಓದತೊಡಗಿದಳು.