ದೊಡ್ಡಪ್ಪನ ಬೆರಳಿಗೆ ಕದಲದ ಮೀನು

ಮೊನ್ನೆ ಶಿವಾಜಿನಗರದ ಬೋರ್ಡು ಬರೆಯುವ ಅಂಗಡಿಯೊಂದರಲ್ಲಿ ಅಕ್ರಿಲಿಕ್ ಹಾಳೆ ಕೊಯ್ಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ದೊಡ್ಡಪ್ಪನ ಮೇಜು ನೆನಪಾಯಿತು. ನಿಮಗೂ ಹೇಳಿಬಿಡುತ್ತೇನೆ, ನಗುವುದಾದರೆ ನನ್ನನ್ನು ನೋಡಿ ನಗಿ.

ಮುಟ್ಟಿ ಆಡಿಸುವ ಫೋನುಗಳನ್ನು ನಮ್ಮ ಕಡೆ ಯಾರೂ ಸರಿಯಾಗಿ ಕಂಡಿರದ ಕಾಲ. ಹತ್ತು ಬೆರಳಿಗೂ ಒಟ್ಟಿಗೆ ಓಗೊಡುವ ಮೇಜನ್ನು ಮನೆಯಲ್ಲೇ ಮಾಡಬಹುದೆಂದು ಇಂಟರ್‌ನೆಟ್ಟಿನಲ್ಲಿ ಓದಿ ನನಗೆ ಹುಚ್ಚು ಹಿಡಿದಿತ್ತು. ಅಕ್ರಿಲಿಕ್ ಹಾಳೆಯ ಅಂಚಿನಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸಬೇಕು. ಬೆರಳು ಒತ್ತಿದಲ್ಲಿ ಅದು ಕೆಳಕ್ಕೆ ಚದುರುತ್ತದೆ, ಕೆಳಗಿಟ್ಟ ಕ್ಯಾಮೆರಾ ಹಿಡಿಯುತ್ತದೆ. ಇಷ್ಟೇ!

ಕಗ್ಗದಾಸಪುರದ ದೊಡ್ಡಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ತಾವೇ ಮಾಡಿದ ತೇಗದ ಮೇಜು ಕೊಟ್ಟು, "ಕೊಯ್ಕೋ, ಆದ್ರೆ ನೆಟ್ಟಗೆ ಕೊಯ್ಯಿ" ಎಂದರು. ಹಾಳೆಯ ಅಂಚು ನುಣುಪಾಗದಿದ್ದರೆ ಬೆಳಕು ಒಳಗೆ ಹೋಗದು ಎಂದು ನಾನು ಹೇಳಿದ್ದಕ್ಕೆ ಎಮೆರಿ ಕಾಗದ ಹಿಡಿದು ನಾಲ್ಕು ದಿನ ಉಜ್ಜಿದರು. ನಾನು ಪಕ್ಕದಲ್ಲಿ ಕೂತು ದೊಡ್ಡಮ್ಮನ ಕೋಡುಬಳೆ ಖಾಲಿ ಮಾಡಿದೆ.

ಮೇಜಿನ ಮೇಲೆ ಪ್ರೊಜೆಕ್ಟರಿನಿಂದ ಮೂಡಿಸಿದ ಕೊಳದ ಚಿತ್ರ. ಮುಟ್ಟಿದರೆ ಮೀನು ಓಡಬೇಕು. ನಾನು ಮುಟ್ಟಿದೆ, ಓಡಿದವು. ದೊಡ್ಡಮ್ಮನಿಗೂ ಓಡಿದವು. ದೊಡ್ಡಪ್ಪ ಐದೂ ಬೆರಳು ಊರಿದರು. ಮೀನುಗಳು ಅವರ ಅಂಗೈ ಕೆಳಗೇ ಹಾಯಾಗಿ ಈಜುತ್ತಿದ್ದವು.

"ಬಿಡಪ್ಪ, ಇದೆಲ್ಲ ನಿಮ್ ಕಾಲದ್ದು" ಎಂದು ನಕ್ಕು ಎದ್ದರು. ನನಗೆ ಸಂಕಟವಾಯಿತು. ಅವರ ಮೇಜೇ ಅವರನ್ನು ಲೆಕ್ಕಕ್ಕಿಡದಿದ್ದರೆ ಹೇಗೆ? ಎರಡು ವಾರ ಪ್ರೋಗ್ರಾಂ ತಿದ್ದಿದೆ. ಕೊನೆಗೆ ಮೀನುಗಳು ಯಾರೂ ಮುಟ್ಟದೆಯೇ ಓಡತೊಡಗಿದವು. ಎಲ್ಲವನ್ನೂ ಮೊದಲಿನಂತೆ ಮಾಡಿ ಸುಮ್ಮನಾದೆ.

ಅಷ್ಟರಲ್ಲಿ ಆಯುಧಪೂಜೆ. ಉಳಿ, ಅರ, ಸ್ಕೂಟರಿನ ಸಾಲಿನಲ್ಲಿ ಮೇಜೂ ನಿಂತಿತು. "ಕೊಳಾನೂ ಹಾಕು, ಬರೀ ಖಾಲಿ ಹಾಳೆಗೆ ಪೂಜೆ ಮಾಡ್ಲಾ?" ಎಂದರು ದೊಡ್ಡಪ್ಪ. ವಿಭೂತಿಯನ್ನು ನೀರಿನಲ್ಲಿ ಕಲಸಿ, ಹಾಳೆಯ ಮೇಲೆ ಮೂರು ಬೆರಳಿನಿಂದ ಎಳೆದರು. ಮೀನುಗಳು ದಿಕ್ಕಾಪಾಲಾದವು.

"ಏಯ್, ಓಡ್ತಾವೆ ಕಣೋ!"

ಇನ್ನೊಮ್ಮೆ ಎಳೆದರು, ಮತ್ತೊಮ್ಮೆ ಎಳೆದರು. "ರೀ, ಸ್ಕೂಟರಿಗೂ ಸ್ವಲ್ಪ ವಿಭೂತಿ ಉಳಿಸ್ರೀ!" ಎಂದು ದೊಡ್ಡಮ್ಮ ಕೂಗಿದರು.

ಆಗ ಹೊಳೆಯಿತು: ಒಣಗಿ ಸವೆದ ಬೆರಳು ಹಾಳೆಗೆ ಕಚ್ಚುತ್ತಿರಲಿಲ್ಲ, ತೇವ ಬೇಕಿತ್ತು. ಜೀವಮಾನವಿಡೀ ಕಬ್ಬಿಣ ಸವೆಸಿದ್ದ ಆ ಬೆರಳುಗಳನ್ನು, ನನ್ನ ಹಾಳೆಯ ಅಂಚು ಉಜ್ಜಿದ ನಾಲ್ಕು ದಿನ ಪೂರ್ತಿ ಸವೆಸಿಬಿಟ್ಟಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಮೊನ್ನೆ ಅಂಗಡಿಯಿಂದ ನೇರ ಅವರ ಮನೆಗೇ ಹೋದೆ. ಎಂಬತ್ತು ದಾಟಿದ ದೊಡ್ಡಪ್ಪ ಫೋಟೋ ನೋಡಲು ನನ್ನ ಹೊಸ ಫೋನು ತೆಗೆದುಕೊಂಡು, ಬೆರಳನ್ನು ನಾಲಿಗೆಗೆ ಒತ್ತಿಕೊಂಡು ಪರದೆ ಸರಿಸಿದರು. "ಥೂ, ಏನ್ರೀ ಅದು!" ಎಂದರು ದೊಡ್ಡಮ್ಮ. ನಾನು ಫೋನನ್ನು ಒರೆಸದೆ ಜೇಬಿಗೆ ಹಾಕಿಕೊಂಡೆ.